ಹುಳದ ಮನೆಯಲ್ಲಿ ಥೆಲ್ಮಾಳ ದನಿ

ಭೂತ, ಶಕುನ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಡುವ ಜಾತಿ ನನ್ನದು. ಕಾನ್ವೆಂಟಿನಲ್ಲಿ ನನ್ನನ್ನು ಬೆಳೆಸಿದ ಸಿಸ್ಟರ್‌ಗಳು, ದೇವರನ್ನು ನಂಬು, ಮಿಕ್ಕಿದ್ದೆಲ್ಲ ನಾನ್‌ಸೆನ್ಸ್ ಎಂದು ಕಲಿಸಿದ್ದರು. ಮೊದಲನೆಯ ಪಾಠ ವಯಸ್ಸಿನ ಜೊತೆ ಸ್ವಲ್ಪ ಮಾಸಿತು; ಎರಡನೆಯದು ಗಟ್ಟಿಯಾಗಿ ಉಳಿಯಿತು. ನನ್ನ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದವರು. ರಾಮನಗರದಲ್ಲಿ ಪೋಸ್ಟಿಂಗ್ ಇದ್ದ ವರ್ಷಗಳಲ್ಲಿ ಸಂಜೆ ಬಂದು ಷೂ ಬಿಚ್ಚುತ್ತಾ, “ಹುಳು ಮನುಷ್ಯರ ದನಿ ಗುರುತು ಹಿಡಿಯುತ್ತೆ ಅಂತಾರೆ ಕಣೇ ರೈತರು. ಮನೇಲಿ ಜಗಳ ಆದರೆ ಸೊಪ್ಪು ತಿನ್ನೋದು ಬಿಡುತ್ತಂತೆ” ಎನ್ನುವರು. “ನಮ್ಮನೇಲಿ ಸಾಕಿದ್ದರೆ ಮೊದಲನೇ ದಿನವೇ ಉಪವಾಸ ಸತ್ತಿರೋವು” ಎಂದು ನಾನು ನಗುತ್ತಿದ್ದೆ. ಅವರು ಹೋಗಿ ಬಹಳ ಕಾಲವಾಯಿತು. ಈಗ ಬರೆಯುತ್ತಿರುವುದನ್ನು ಅವರಿಗೆ ಹೇಳುವ ಹಾಗಿದ್ದರೆ ಯಾರು ಯಾರನ್ನು ನೋಡಿ ನಗುತ್ತಿದ್ದೆವೋ ಗೊತ್ತಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಾನೇ ಬೆಳಿಗ್ಗೆ ನಂಬುತ್ತೇನೆ, ಮಧ್ಯಾಹ್ನ ಊಟವಾದ ಮೇಲೆ ಇಲ್ಲ.

ಯಜಮಾನರು ಹೋದ ಮೇಲೆ ಬೆಂಗಳೂರಿನಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಮನೆಯಲ್ಲಿ ಸುಮ್ಮನೆ ಕೂರುವುದಕ್ಕೆ ಹೆದರಿ ಸಿಕ್ಕಿದ್ದಕ್ಕೆಲ್ಲ ಮೆಂಬರ್ ಆದೆ. ಪಾರ್ಕಿನ ನಗೆಕೂಟ, ಲೇಡೀಸ್ ಕ್ಲಬ್, ರೀಡಿಂಗ್ ಸರ್ಕಲ್, ಶುಕ್ರವಾರದ ಭಜನೆ, ಕಾನ್ವೆಂಟಿನ ಓಲ್ಡ್ ಗರ್ಲ್ಸ್ ಸಂಘ. ಇವುಗಳ ಮಧ್ಯೆ ಮದುವೆ, ನಾಮಕರಣ, ಗೃಹಪ್ರವೇಶ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಪೆನ್ಸಿಲಿನಲ್ಲಿ ಬರೆದದ್ದರ ಕೆಳಗೆ ತಾರೀಖೇ ಕಾಣುತ್ತಿರಲಿಲ್ಲ. “ಅತ್ತೆ, ನಿಮ್ಮ ಅಪಾಯಿಂಟ್‌ಮೆಂಟ್ ಬೇಕಾದರೆ ಯಾರ ಹತ್ತಿರ ರೆಕಮೆಂಡೇಶನ್ ತರಬೇಕು?” ಎಂದು ಸೊಸೆ ಛೇಡಿಸುವಳು. ಒಂದೇ ದಿನ ಮೂರು ಕಡೆ ಮುಖ ತೋರಿಸಿ, ಮೂರೂ ಕಡೆ ಊಟದ ರುಚಿ ನೋಡಿ, ಸೀರೆ ಸುಕ್ಕಾಗದ ಹಾಗೆ ಮನೆಗೆ ಬರುವುದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಇನ್ನು ಥೆಲ್ಮಾ. ಕನಕಪುರದಿಂದ ನನ್ನನ್ನು ಬೋರ್ಡಿಂಗಿಗೆ ಹಾಕಿದಾಗ ನನ್ನ ಪಕ್ಕದ ಮಂಚದವಳು. ಮನೆಯಲ್ಲಿ ಇಂಗ್ಲಿಷ್, ತಮಿಳು. ಕನ್ನಡ ಒಂದಕ್ಷರ ಬಾರದು. ನನಗೆ ಕನ್ನಡ ಬಿಟ್ಟು ಬೇರೇನೂ ಬಾರದು. ನಮ್ಮ ಕಾನ್ವೆಂಟಿನಲ್ಲಿ ಒಂದು ಪದ್ಧತಿ ಇತ್ತು. ದಾರ ಪೋಣಿಸಿದ ಒಂದು ಮರದ ಬಿಲ್ಲೆ. ಚನ್ನಪಟ್ಟಣದ ಬೊಂಬೆಗಳಿಗಿರುತ್ತದಲ್ಲ, ಅಂಥ ಕೆಂಪು ಅರಗಿನ ಬಣ್ಣ ಅದಕ್ಕೆ. ಅದನ್ನು ಟೋಕನ್ ಎನ್ನುತ್ತಿದ್ದರು. ಯಾರಾದರೂ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ಅದು ಅವರ ಕೊರಳಿಗೆ. ಇನ್ನೊಬ್ಬಳು ಸಿಕ್ಕಿಬಿದ್ದರೆ ಅವಳ ಕೊರಳಿಗೆ. ಸಂಜೆಯ ಪ್ರೇಯರ್ ಹೊತ್ತಿಗೆ ಯಾರ ಕೊರಳಲ್ಲಿ ಇರುತ್ತದೋ ಅವಳು ಮರುದಿನ ಬೆಳಗಿನ ಗಂಟೆಯವರೆಗೆ ಬಾಯಿ ತೆರೆಯುವ ಹಾಗಿಲ್ಲ. ಅಳುವ ಹಾಗೂ ಇಲ್ಲ.

ಸೇರಿದ ಹೊಸತರಲ್ಲಿ ಒಂದು ಸಂಜೆ, ನಾನು “ಅವ್ವಾ” ಎಂದು ಅತ್ತದ್ದಕ್ಕೆ ಟೋಕನ್ ನನ್ನ ಕೊರಳಿಗೆ ಬಂತು. ಇಡೀ ರಾತ್ರಿ ಅಳದೆ ಹೇಗಿರುವುದು ಎಂದು ನನಗೆ ನಡುಕ. ಪ್ರೇಯರ್ ಗಂಟೆ ಹೊಡೆಯುವುದಕ್ಕೆ ಮುಂಚೆ ಥೆಲ್ಮಾ ಸಿಸ್ಟರ್ ಎದುರಿಗೇ ಹೋಗಿ ನಿಂತು, ತನಗೆ ಬರುತ್ತಿದ್ದ ಒಂದೇ ಒಂದು ಕನ್ನಡ ಮಾತನ್ನು ಗಟ್ಟಿಯಾಗಿ ಕೂಗಿದಳು: “ನಂಗ್ ಕೊಡು!” ಊಟದ ಮೇಜಿನಲ್ಲಿ ಬೆಲ್ಲಕ್ಕಾಗಿ ನಾನು ಅನ್ನುತ್ತಿದ್ದುದನ್ನು ಕೇಳಿ ಕಲಿತದ್ದು. ಟೋಕನ್ ಅವಳಿಗೆ ಹೋಯಿತು. ಎಲೊಕ್ಯೂಷನ್‌ನಲ್ಲಿ ದೊಡ್ಡ ಕ್ಲಾಸಿನವರನ್ನೂ ಸೋಲಿಸುತ್ತಿದ್ದ ವಾಚಾಳಿ ಆ ರಾತ್ರಿ ಬಾಯಿ ಬಿಡಲಿಲ್ಲ. ನಾನು ಮಾತ್ರ ಕಂಬಳಿಯೊಳಗಿನಿಂದ ಅವಳಿಗೆ ಪಿಸುಗುಟ್ಟುತ್ತಲೇ ಇದ್ದೆ. ನಮ್ಮೂರ ಸಂತೆ, ಅಜ್ಜಿಯ ಹುರಿಗಾಳು, ಹಾಯುವ ಎತ್ತು, ಬಾಯಿಗೆ ಬಂದದ್ದೆಲ್ಲ. ಅವಳಿಗೆ ಒಂದೂ ಅರ್ಥವಾಗದು. ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನ್ನ ಪಿಟಿಪಿಟಿ ಅವಳಿಗೆ ಹಿಂಸೆಯಾಗಿರಬೇಕು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಆ ರಾತ್ರಿಯ ಬಗ್ಗೆ ಮುಂದೆ ನಾವಿಬ್ಬರೂ ಒಂದು ದಿನವೂ ಮಾತಾಡಿಕೊಂಡಿರಲಿಲ್ಲ.

ಮುಂದೆ ಅವಳು ದನಿಯಿಂದಲೇ ಬದುಕಿದಳು. ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಓದಿದಳು, ಆಮೇಲೆ ಟೀಚರುಗಳಿಗೆ ವಾಯ್ಸ್ ಟ್ರೈನಿಂಗ್ ಕೊಟ್ಟಳು. ವಾಕ್ಯದ ಕೊನೆಯ ಪದವನ್ನು, ತುಂಬಿದ ಕೊಡವನ್ನು ಮೆಟ್ಟಿಲಿಳಿಸುವವಳ ಹಾಗೆ, ನಿಧಾನವಾಗಿ ಕೆಳಗಿಡುತ್ತಿದ್ದಳು. ಕನ್ನಡವನ್ನೂ ಕಲಿತಳು, ಕಲಿತದ್ದು ನನ್ನಿಂದ, ಹಾಗಾಗಿ ಅಚ್ಚ ಕನಕಪುರದ ಕನ್ನಡ. ಫ್ರಾಕ್ ತೊಟ್ಟ ಮೇಮ್‌ಸಾಹೇಬಳ ಬಾಯಲ್ಲಿ “ಒಸಿ ತಡಿಯೇ” ಎನ್ನುವುದನ್ನು ಕೇಳಿ ತರಕಾರಿಯವರು ಬೆರಗಾಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಶಿವರಾತ್ರಿ ಹತ್ತಿರವಿದ್ದಾಗ, ಅವಳ ಫೋನ್ ಬಂತು. ಗಂಟಲಲ್ಲಿ ಗಡ್ಡೆ, ವಾಯ್ಸ್ ಬಾಕ್ಸ್ ಪೂರ್ತಿ ತೆಗೆಯಬೇಕಂತೆ. ಅಡ್ಮಿಟ್ ಆಗುವ ಹಿಂದಿನ ಸಂಜೆ ನಮ್ಮ ಓಲ್ಡ್ ಗರ್ಲ್ಸ್ ಸಂಘದ ಹಾಲಿನಲ್ಲಿ ಒಂದು ಟಾಕ್ ಇಟ್ಟುಕೊಂಡಿದ್ದಳು. ರೆಕಾರ್ಡಿಂಗ್ ಬೇಡ, ಎಲ್ಲರೂ ಫೋನ್ ಆಫ್ ಮಾಡಬೇಕು ಎಂದು ಅವಳದೇ ಕಟ್ಟುನಿಟ್ಟು. “ಡಬ್ಬಿಯಲ್ಲಿ ಹಾಕಿಟ್ಟ ಥೆಲ್ಮಾ ನನಗೆ ಬೇಡ. ನೀನು ಫ್ರಂಟ್ ರೋನಲ್ಲಿ ಕೂತಿರಬೇಕು. ನಿನಗೊಂದು ಮಾತು ಹೇಳೋದಿದೆ, ಎಲ್ಲರೆದುರು ಹೇಳ್ತೀನಿ. ಇನ್ನೊಂದು ಸಲ ಹೇಳೋಕೆ ನನ್ನ ಹತ್ತಿರ ಏನೂ ಇರಲ್ಲ ಕಣೇ” ಎಂದಳು. ನಾನು ಫೋನ್ ಹಿಡಿದುಕೊಂಡೇ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಆ ದಿನದ ಚೌಕದಲ್ಲಿ ಆಗಲೇ ಕನಕಪುರದ ಅಣ್ಣನ ಮಗನ ಗೃಹಪ್ರವೇಶವಿತ್ತು. ಟಾಕ್ ಸಂಜೆ ಆರಕ್ಕೆ. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಧಾರಾಳ ಟೈಮ್. ಎರಡನ್ನೂ ಒಂದರ ಕೆಳಗೊಂದು ಬರೆದುಕೊಂಡೆ.

ಹೋಮ ತಡವಾಯಿತು, ಊಟ ಇನ್ನೂ ತಡ. ಕಾರು ಓಡಿಸುತ್ತಿದ್ದವನು ಚನ್ನಪಟ್ಟಣದ ಮುನೀರ್, ನಮಗೆ ಹಳಬ. “ಅಮ್ಮಾ, ಐದಕ್ಕೆ ಮುಂಚೆ ಹಾರೋಹಳ್ಳಿ ದಾಟದಿದ್ರೆ ಕನಕಪುರ ರೋಡು ನಮ್ಮನ್ನ ನುಂಗಾಕ್ಬುಡುತ್ತೆ” ಎಂದು ಎರಡು ಸಲ ಎಚ್ಚರಿಸಿದ. ಹಾರೋಹಳ್ಳಿಗೆ ಸ್ವಲ್ಪ ಈಚೆ, ರಸ್ತೆಯಿಂದ ಒಳಗೆ, ಜಯಮ್ಮನ ಮನೆ. ಯಜಮಾನರು ಇಲಾಖೆಯಲ್ಲಿದ್ದಾಗ ಓಡಾಡಿ ಸಬ್ಸಿಡಿ ಕೊಡಿಸಿ, ಪ್ಲಾನ್ ಹಾಕಿಸಿ ಕಟ್ಟಿಸಿದ ಹುಳದ ಮನೆ ಅವರದು. ವರ್ಷಕ್ಕೊಮ್ಮೆಯಾದರೂ ಜಯಮ್ಮ ಫೋನ್ ಮಾಡಿ ಕರೆಯುವಳು, ನಾನು ಹೋಗಿರಲಿಲ್ಲ. ಇಷ್ಟು ಹತ್ತಿರ ಬಂದು ಹೋಳಿಗೆಯ ಡಬ್ಬಿ ಕೊಟ್ಟು ಹೋಗದಿದ್ದರೆ ಚೆನ್ನಾಗಿರುವುದಿಲ್ಲ, ಹತ್ತು ನಿಮಿಷ, ಎಂದುಕೊಂಡೆ. ಒಂದೇ ದಿನ ಮೂರು ಕಡೆ.

“ಬಂದ್ರಾ ಅಮ್ಮಾವ್ರೇ! ಸಾಯೇಬ್ರು ಕಟ್ಟುಸ್ದ ಮನೆ ಒಳಕ್ಕೆ ಒಂದ್ ಸಲ ಕಾಲಿಟ್ಟು ಓಗಿ. ಉಳ ನಾಕ್ನೇ ಜ್ವರ ಎದ್ದು ಮೇಯ್ತಾ ಅವೆ” ಎಂದು ಜಯಮ್ಮ ಕೈ ಹಿಡಿದುಕೊಂಡಳು. ಜ್ವರ ಎಂದರೆ ಹುಳ ಪೊರೆ ಬಿಡುವ ನಿದ್ದೆ. ನಾಲ್ಕನೆಯದು ಮುಗಿದ ಮೇಲೆ ಅವು ಗೂಡು ಕಟ್ಟುವವರೆಗೆ ರಾಕ್ಷಸರ ಹಾಗೆ ತಿನ್ನುತ್ತವೆ. ಅಷ್ಟರಲ್ಲಿ ಅವಳ ಮೂಗು ಅರಳಿತು. “ಇದೇನಮ್ಮ ಗಮಲು? ಸೆಂಟಾ?”

ಕೊಲೋನ್. ಕರ್ಚೀಫಿಗೆ ಎರಡು ಹನಿ ಹಾಕಿಕೊಳ್ಳದೆ ನಾನು ಮನೆಯಿಂದ ಹೊರಬೀಳುವುದಿಲ್ಲ. ಅದೂ ಕಾನ್ವೆಂಟಿನ ಅಭ್ಯಾಸ. ಜೊತೆಗೆ ತಲೆಯಲ್ಲಿ ಮಲ್ಲಿಗೆ. ಹುಳಕ್ಕೆ ವಾಸನೆ ಎಂದರೆ ವಿಷ. ಆಗಲೇ “ಬೇಡ ಬಿಡು ಜಯಮ್ಮ, ಇನ್ನೊಂದು ಸಲ” ಎಂದು ಹೊರಟಿದ್ದರೆ ಈ ಕಥೆಯೇ ಇಲ್ಲ. ಆದರೆ ಆ ಹೆಂಗಸು ನನ್ನನ್ನು ಬಚ್ಚಲಿಗೆ ಕರೆದೊಯ್ದು, ಮುಖ ಕೈ ತೊಳೆಸಿ, ತನ್ನದೊಂದು ಒಗೆದ ಕಾಟನ್ ಸೀರೆ ಉಡಿಸಿದಳು. ನನ್ನ ರೇಷ್ಮೆ ಸೀರೆ, ಮುಡಿದಿದ್ದ ಮಲ್ಲಿಗೆ, ವಾಚು, ಬ್ಯಾಗು, ಬ್ಯಾಗಿನಲ್ಲಿದ್ದ ಫೋನು ಎಲ್ಲ ಜಗಲಿಯ ಮೇಲೆ ಉಳಿದವು. ಬಾಗಿಲಲ್ಲಿ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋದೆವು.

ಉದ್ದನೆಯ ತಂಪು ಕೋಣೆ. ಕಿಟಕಿಗಳಿಗೆಲ್ಲ ಸೊಳ್ಳೆ ಪರದೆಯಂಥ ನೆಟ್ ಹೊಡೆದು ಬಿಗಿಮಾಡಿತ್ತು. ಎರಡೂ ಪಕ್ಕ ಅಂತಸ್ತು ಅಂತಸ್ತಾಗಿ ಹಲಗೆಗಳು, ಅವುಗಳ ಮೇಲೆ ಬೆರಳುದ್ದದ ಬಿಳಿ ಹುಳಗಳು, ಎಣಿಸಲಾಗದಷ್ಟು. ಜಯಮ್ಮನ ಗಂಡ ಪುಟ್ಟಸ್ವಾಮಿ ಕಡ್ಡಿ ಸಮೇತ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿದ. ಜಯಮ್ಮ ಸರಸರ ಹರಡತೊಡಗಿದಳು. ನಾನೂ ಒಂದೆರಡು ಕಡ್ಡಿ ಹಾಕಿದೆ, ಯಜಮಾನರ ನೆನಪಿಗೆ. ಅಷ್ಟರಲ್ಲಿ ಬಾಗಿಲು ಮುಚ್ಚಿದ ಸದ್ದು, ಹೊರಗಡೆಯಿಂದ ಚಿಲಕ ಬಿದ್ದ ಸದ್ದು, ಆಮೇಲೆ ಟಿವಿಎಸ್ ಗಾಡಿ ದೂರ ಹೋದ ಸದ್ದು.

“ಚಿಲಕ ಯಾಕೆ ಜಯಮ್ಮ?”

“ಅದು ನಮ್ಮನೆ ಪದ್ಧತಿ ಕಣ್ರಮ್ಮ. ಕಡೇ ಮೇವು ಆಕುದ್ಮೇಲೆ ಉಳ ಮೇಯೋ ಸದ್ದು ಇಳಿಯೋಗಂಟ ಬಾಗ್ಲು ತೆಗಿಯಾಂಗಿಲ್ಲ. ಯಾರಾದ್ರೂ ಮರ್ತು ತೆಗುದ್ರೆ ಊಜಿ ನೊಣ ನುಗ್ಗಿ ಉಳದ ಮೈಮ್ಯಾಲೆ ಮೊಟ್ಟೆ ಇಕ್ಬುಡುತ್ತೆ ಅಂತ ಒರ್ಗಡಿಂದ್ಲೇ ಆಕ್ತಾರೆ. ವೋದ್ ಬೆಳೆ ಪೂರಾ ತಿಪ್ಪೆಗೆ ಸುರುದ್ವಿ. ನಮ್ಮೆಜಮಾನ್ರು ಸೊಪ್ಪು ಕುಯ್ಕೊಂಡು ಬತ್ತಾರೆ, ಆವಾಗ ತೆಗೀತಾರೆ.”

ನಾನು ಹೋಗಬೇಕು, ಬೆಂಗಳೂರಿನಲ್ಲಿ ಒಬ್ಬಳು ನನಗಾಗಿ ಕಾಯುತ್ತಿದ್ದಾಳೆ, ನಾಳೆಯಿಂದ ಅವಳಿಗೆ ಮಾತಿಲ್ಲ ಎಂದೆ. ಜಯಮ್ಮನ ಮುಖವೂ ಬಾಡಿತು. “ಮೊದ್ಲೇ ಯೋಳ್ಬಾರ್ದಾ ಅಮ್ಮಾ! ಈಗ ಯಾರ್ನ ಕರಿಯಾನ?” ಮನೆಯಲ್ಲಿ ಬೇರೆ ಯಾರೂ ಇಲ್ಲ. ಮುನೀರ್ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕಾರಿನ ಗಾಜು ಏರಿಸಿಕೊಂಡು ಮಲಗಿದ್ದ. ನಾನು ಬಾಗಿಲಿಗೆ ಹೋಗಿ “ಮುನೀರ್!” ಎಂದು ಕೂಗಿದೆ. ಇನ್ನೊಂದು ಸಲ ಕೂಗುವುದರೊಳಗೆ ಜಯಮ್ಮನ ಒರಟು ಅಂಗೈ ನನ್ನ ಬಾಯಿಯ ಮೇಲಿತ್ತು. “ಕೂಗ್ಬೇಡಿ ಅಮ್ಮಾ, ಕೈ ಮುಗೀತೀನಿ. ಸೊಪ್ಪಿಗೆ ಬಾಯಿ ಆಕವೆ. ಈಗ ಸದ್ದಾದ್ರೆ ಬುಟ್ಬುಡ್ತವೆ.”

ಬೇರೊಬ್ಬಳ ಸೀರೆಯಲ್ಲಿ, ವಾಚಿಲ್ಲದೆ, ಫೋನಿಲ್ಲದೆ, ಬಾಯಿ ಮುಚ್ಚಿಕೊಂಡು ಗೋಣಿಚೀಲದ ಮೇಲೆ ಕೂತೆ. ಕೊರಳಿಗೆ ಯಾರೋ ಆ ಟೋಕನ್ ಹಾಕಿದ ಹಾಗೆ ಅನ್ನಿಸಿತು. ಪುಟ್ಟಸ್ವಾಮಿ ಈಗ ಬಂದಾನು, ಈಗ ಬಂದಾನು ಎಂದು ಕಿವಿ ಬಾಗಿಲಲ್ಲೇ. ಅವನು ಬರಲಿಲ್ಲ. ನೆಟ್ಟಿನಲ್ಲಿ ಸೋಸಿ ಬರುತ್ತಿದ್ದ ಬಿಸಿಲು ಹಲಗೆಯಿಂದ ಹಲಗೆಗೆ ಏರಿ ಕೆಂಪಾಯಿತು. ಮೇಯುವ ಸದ್ದು ಮೊದಲು ಒಣಗಿದ ಎಲೆಯ ಮೇಲೆ ಮರಳು ಚೆಲ್ಲಿದ ಹಾಗೆ, ಆಮೇಲೆ ತುಂತುರು, ಆಮೇಲೆ ಜಡಿಮಳೆ. ಯಜಮಾನರು ಮಳೆಯ ಹಾಗೆ ಇರುತ್ತದೆ ಎಂದು ಹೇಳಿದ್ದು ಅತಿಶಯೋಕ್ತಿ ಎಂದುಕೊಂಡಿದ್ದೆ. ಕಣ್ಣು ಮುಚ್ಚಿದರೆ ಸೀರೆ ನೆನೆಯುತ್ತಿದೆ ಅನ್ನಿಸುವಂಥ ಮಳೆ. ಹಾರೋಹಳ್ಳಿಯ ಕಾರ್ಖಾನೆಗಳ ಕಡೆಯಿಂದ ಆರು ಗಂಟೆಯ ಸೈರನ್ ಕೂಗಿತು. ನನ್ನ ಕಣ್ಣಲ್ಲಿ ನೀರು ಬಂತು. ಫ್ರಂಟ್ ರೋನಲ್ಲಿ ಒಂದು ಖಾಲಿ ಕುರ್ಚಿ, ಮೈಕಿನ ಮುಂದೆ ಥೆಲ್ಮಾ. ಇನ್ನು ಆ ದನಿ ಕೇಳುವುದಿಲ್ಲ ಎನ್ನುವುದು ಆಗ ನನಗೆ ನಿಜವಾಗಿ ತಿಳಿಯಿತು.

ಮುಂದಿನದನ್ನು ಜಾಗ್ರತೆಯಿಂದ ಬರೆಯುತ್ತೇನೆ.

ಎಷ್ಟೋ ಹೊತ್ತಾದ ಮೇಲೆ ಆ ಮಳೆಯ ಸದ್ದಿನಲ್ಲಿ ಒಂದು ಲಯ ಇದೆ ಅನ್ನಿಸಿತು. ಏರುತ್ತದೆ, ಒಂದು ಕಡೆ ನಿಲ್ಲುತ್ತದೆ, ನಿಧಾನವಾಗಿ ಇಳಿಯುತ್ತದೆ. ಮತ್ತೆ ಏರುತ್ತದೆ. ಕೊಡವನ್ನು ಮೆಟ್ಟಿಲಿಳಿಸುವ ಇಳಿತ. ಮನಸ್ಸು ಅದನ್ನೇ ನೆನೆಯುತ್ತಿದೆ, ಅದಕ್ಕೇ ಹಾಗೆ ಕೇಳುತ್ತದೆ ಎಂದು ನನಗೆ ನಾನೇ ಗದರಿಕೊಂಡೆ. ಎದ್ದು ನಿಂತೆ, ಕಿವಿ ಉಜ್ಜಿಕೊಂಡೆ. ಸದ್ದು ಹೋಗಲಿಲ್ಲ, ಬದಲಿಗೆ ಅದರಲ್ಲಿ ಪದಗಳು ಮೂಡತೊಡಗಿದವು. ‘ಸಿಸ್ಟರ್’ ಎಂದಂತಾಯಿತು. ‘ದಿ ಗರ್ಲ್ ಇನ್ ದಿ ನೆಕ್ಸ್ಟ್ ಬೆಡ್’ ಎಂದಂತಾಯಿತು. ಜಯಮ್ಮ ಸೊಪ್ಪು ಸರಿಪಡಿಸುತ್ತಿದ್ದವಳು ಥಟ್ಟನೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿ, ಕೈಯನ್ನು ಕಿವಿಗೆ ಹಿಡಿದು ಸನ್ನೆಯಲ್ಲೇ ಕೇಳಿದಳು: ಫೋನು ತಂದ್ರಾ ಒಳಕ್ಕೆ? ನಾನು ಎರಡೂ ಖಾಲಿ ಕೈ ತೋರಿಸಿದೆ. ಅವಳ ಕಣ್ಣು ಕೋಣೆಯ ಮೂಲೆಮೂಲೆಗೂ ಹೋಗಿ ಬಂತು. ಅವಳಿಗೂ ಏನೋ ಕೇಳಿಸಿದೆ ಎಂದು ತಿಳಿದಾಗಲೇ ನನಗೆ ನಿಜವಾದ ಹೆದರಿಕೆ ಹತ್ತಿದ್ದು.

ಆಮೇಲೆ ಸ್ಪಷ್ಟವಾಗಿ, ಕೈಯಳತೆಯ ದೂರದಿಂದ: “ಐ ವಾಸ್ ನಾಟ್ ಅಫ್ರೇಡ್ ದಟ್ ನೈಟ್...”

ಆ ಕ್ಷಣ ಮಳೆ ನಿಂತಿತು. ಇಳಿಯಲಿಲ್ಲ, ನಿಂತಿತು. ಹಲಗೆ ಹಲಗೆಯ ಮೇಲೂ ಹುಳಗಳು ತಿನ್ನುವುದು ಬಿಟ್ಟು ತಲೆ ಎತ್ತಿದ್ದವು. ಪ್ರತಿಯೊಂದೂ. ಬಿಳಿಯ ಸಣ್ಣ ತಲೆಗಳು ಒಂದೂ ಅಲುಗದೆ ಮೇಲಕ್ಕೆ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ. ಜಯಮ್ಮ ಬಂದು ನನ್ನ ರಟ್ಟೆ ಹಿಡಿದಳು, ಬಳೆ ಒತ್ತಿ ನೋವಾಯಿತು. ಅವಳ ತುಟಿ ಮಾದಪ್ಪನ ಹೆಸರನ್ನು ಸದ್ದಿಲ್ಲದೆ ಹೇಳುತ್ತಿತ್ತು. ಆ ನಿಶ್ಶಬ್ದದಲ್ಲಿ ಒಂದು ಹೆಣ್ಣು ದನಿ, ಕನ್ನಡದಲ್ಲಿ, ನಮ್ಮ ಕನಕಪುರದ ಕನ್ನಡದಲ್ಲಿ ಹೇಳಿತು:

“ಯಾಕಂದ್ರೆ, ನನ್ ಪಾಲಿನ್ ಮಾತ್ನೂ ಅವ್ಳೇ ಆಡ್ತಿದ್ಲು.”

“ಸುಮ್ಕಿರಿ ಅಮ್ಮಾ!” ಜಯಮ್ಮ ನನ್ನನ್ನು ಅಲುಗಿಸಿದಳು. “ಮಾತಾಡ್ಬೇಡಿ ಅಂದ್ನಲ್ಲ! ನೋಡಿ, ಉಳ ಬುಟ್ಬುಟ್ವು!”

ನಾನು ಬಾಯಿ ತೆರೆದಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಎಲ್ಲೋ ಕೆಳಗಿನ ಹಲಗೆಯಲ್ಲಿ ಒಂದು ಹುಳ ತಲೆ ಬಗ್ಗಿಸಿ ಎಲೆಗೆ ಬಾಯಿ ಹಾಕಿತು. ಅದರ ಪಕ್ಕದ್ದು ಹಾಕಿತು. ತುಂತುರು ಶುರುವಾಗಿ ಮತ್ತೆ ಜಡಿಮಳೆಯಾಯಿತು. ಆ ಮಳೆಯಲ್ಲಿ ಈಗ ಲಯವೂ ಇರಲಿಲ್ಲ, ಪದವೂ ಇರಲಿಲ್ಲ. ಬರೀ ಹುಳ ಮೇಯುವ ಸದ್ದು. ಜಯಮ್ಮ ಅಲ್ಲೇ ನೆಲಕ್ಕೆ ಕುಸಿದು ಸೆರಗಿನಿಂದ ಮುಖ ಒರೆಸಿಕೊಂಡಳು.

ಪುಟ್ಟಸ್ವಾಮಿ ಬಂದಾಗ ಕತ್ತಲಾಗುತ್ತಿತ್ತು. ಗಾಡಿ ಪಂಕ್ಚರ್ ಆಗಿ ಹೊರೆ ಹೊತ್ತು ನಡೆದು ಬಂದಿದ್ದ. ನನ್ನ ಅವಸ್ಥೆ ನೋಡಿ, “ಏ ಅಮ್ಮಿ, ಅಮ್ಮಾವ್ರನ್ನೂ ಚಂದ್ರಿಕೆಗೆ ಆಕ್ಬುಡ್ತಿದ್ಯಲ್ಲ, ಗೂಡು ಕಟ್ಟಾಕೆ!” ಎಂದ. ಚಂದ್ರಿಕೆ ಎಂದರೆ ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ತಟ್ಟೆ. ಸೀರೆ ಬದಲಿಸುವಾಗ ನಾನು ಜಯಮ್ಮನನ್ನು ಕೇಳಿದೆ, ನಿನಗೇನು ಕೇಳಿಸಿತು ಎಂದು.

“ನೀವೇ ಏನೋ ಇಂಗ್ಲೀಷ್‌ನಾಗೆ ಅಂದ್ರಿ. ಆಮ್ಯಾಕೆ ನಮ್ಮಾತ್ನಾಗೆ ಅಂದ್ರಿ.”

“ನಾನು ಮಾತಾಡಲಿಲ್ಲ ಜಯಮ್ಮ.”

ಅವಳು ಸೆರಗಿನ ತುದಿ ತಿರುಚಿದಳು. “ನಿಮ್ ದನಿ ಅಂಗಿರ್ಲಿಲ್ಲ, ದಿಟ. ಆದ್ರೆ ನೀವಲ್ದೆ ಇನ್ಯಾರಮ್ಮ ಇದ್ರು ಅಲ್ಲಿ?”

ಫೋನಿನಲ್ಲಿ ಸರೋಜಳ ಮಿಸ್ಡ್ ಕಾಲ್‌ಗಳ ಸಾಲು. ಸರೋಜ ನಮ್ಮ ಕ್ಲಾಸಿನವಳೇ, ನನಗಾಗಿ ಕುರ್ಚಿ ಹಿಡಿದಿಡಲು ಹೇಳಿದ್ದು ಅವಳಿಗೇ. ಮುನೀರ್ ಆ ದಾರಿಯಲ್ಲಿ ಹೇಗೆ ಓಡಿಸಿದನೋ. ಹಾಲಿನ ಮುಂದೆ ಇಳಿದಾಗ ಒಳಗೆ ಕುರ್ಚಿ ಜೋಡಿಸಿಡುತ್ತಿದ್ದರು. ಥೆಲ್ಮಾಳನ್ನು ತಂಗಿ ಬಂದು ಆಗಲೇ ಕರೆದುಕೊಂಡು ಹೋಗಿದ್ದಳು. ಸರೋಜ ಮೆಟ್ಟಿಲ ಮೇಲೆ, ಕೈಯಲ್ಲಿ ಮಡಿಸದ ಛತ್ರಿ ಹಿಡಿದು ನಿಂತಿದ್ದಳು.

“ಬಂದೆಯಾ ಮಹಾರಾಣಿ? ಎಷ್ಟು ಕಡೆ ಊಟ ಮಾಡಿ ಬಂದೆ? ಅವಳು ಬಾಗಿಲು ನೋಡಿ ನೋಡಿ ಸಾಕಾದಳು ಕಣೇ. ನಿನ್ನ ಕುರ್ಚಿ ಮೇಲೆ ನನ್ನ ಹ್ಯಾಂಡ್‌ಬ್ಯಾಗು ಕೂತು ಪೂರ್ತಿ ಟಾಕ್ ಕೇಳಿತು.” ಬೈದು ಬೈದು ಸುಸ್ತಾದ ಮೇಲೆ ಆಕಾಶ ನೋಡಿದಳು. “ನೀನು ಬಂದ ಕಡೆ ಮಳೆ ಬಂತಾ?”

“ಶಿವರಾತ್ರಿ ಹೊತ್ತಿಗೆ ಯಾವ ಮಳೆಯೇ?”

“ಅದೇ ವಿಚಿತ್ರ. ಟಾಕ್ ಅರ್ಧ ಆಗಿತ್ತು. ಆ ಟೋಕನ್ ಕಥೆ ಹೇಳ್ತಿದ್ದಳು, ಅವಳು ಅದನ್ನ ನಿನ್ನ ಕೊರಳಿಂದ ತಗೊಂಡಿದ್ದು. ‘ಐ ವಾಸ್ ನಾಟ್ ಅಫ್ರೇಡ್ ದಟ್ ನೈಟ್’ ಅಂದಳು ನೋಡು, ತಕ್ಷಣ ಧೋ ಅಂತ ಮಳೆ! ಛಾವಣಿ ಮೇಲೆ ಅ‌ಲ್ಲ ಕಣೇ, ಹಾಲಿನ ಒಳಗೇ ಸುರಿದ ಹಾಗೆ. ಅವಳ ಮಾತು ಒಂದೂ ಕೇಳಿಸಲಿಲ್ಲ. ಎಲ್ಲರೂ ಕಿಟಕಿ ಕಡೆ ನೋಡಿದ್ವಿ. ನಾನು ಛತ್ರಿ ತಗೊಂಡು ಹೊರಗೆ ಬಂದೆ, ಟೆರೇಸ್ ಮೇಲೆ ವಾಚ್‌ಮನ್ ಒಣಗಲು ಹಾಕಿದ ಬಟ್ಟೆ ಇತ್ತಲ್ಲ ಅಂತ. ಒಂದು ಹನಿ ಇಲ್ಲ! ಆಕಾಶ ತಿಳಿಯಾಗಿತ್ತು. ಒಳಗೆ ಬರೋದ್ರಲ್ಲಿ ಸದ್ದು ನಿಂತುಹೋಗಿತ್ತು.”

“ಥೆಲ್ಮಾ?”

“ಸುಮ್ಮನೆ ನಿಂತಿದ್ದಳು, ಸೀಲಿಂಗ್ ಕಡೆ ತಲೆ ಎತ್ತಿಕೊಂಡು. ಆಮೇಲೆ ಮಾತಾಡೋಕೆ ಹೋದಳು, ದನಿ ಬರಲಿಲ್ಲ. ಕೈ ಮುಗಿದು ಕೂತುಬಿಟ್ಟಳು. ಆ ವಾಕ್ಯ ಅಲ್ಲಿಗೇ ನಿಂತುಹೋಯ್ತು. ಯಾಕೆ ಹೆದರಲಿಲ್ಲ ಅನ್ನೋದು ಯಾರಿಗೂ ಗೊತ್ತಾಗಲೇ ಇಲ್ಲ.”

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನಗೆ ಗೊತ್ತು ಎಂದು ಸರೋಜಳಿಗೆ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ, ಇದನ್ನು ಓದಿದರೆ ತಿಳಿಯುತ್ತದೆ, ಬೈಯುತ್ತಾಳೆ.

ಎಲ್ಲಕ್ಕೂ ಕಾರಣ ಹುಡುಕುವುದು ನನ್ನ ಗುಣ. ಹಾಲಿನ ಪಕ್ಕದ ದೊಡ್ಡ ಮರದಿಂದ ಗಾಳಿಗೆ ಒಣ ಎಲೆ ಸುರಿದಿರಬಹುದು. ಹುಳಗಳು ಯಾವುದೋ ಅದುರುವಿಕೆಗೆ ಬೆಚ್ಚಿ ತಲೆ ಎತ್ತಿರಬಹುದು. ನಾನು ಅರಿವಿಲ್ಲದೆ ಮಾತಾಡಿರಬಹುದು, ಜಯಮ್ಮ ಕೇಳಿಸಿಕೊಂಡದ್ದು ನನ್ನನ್ನೇ ಇರಬಹುದು. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಆ ಮಾತು? ಗೋಡೆಯ ಕಡೆ ತಿರುಗಿ ಮಲಗಿದವಳು ನನ್ನ ಪಿಟಿಪಿಟಿಯನ್ನು ಸಹಿಸಿಕೊಂಡಿದ್ದಳು ಎಂದೇ ನಂಬಿದ್ದ ನನ್ನ ತಲೆಯಿಂದ ಆ ಮಾತು ಹೇಗೆ ಹುಟ್ಟೀತು?

ಆಪರೇಷನ್ ಚೆನ್ನಾಗಿ ಆಯಿತು. ಥೆಲ್ಮಾ ಬದುಕಿದಳು, ದನಿ ಹೋಯಿತು. ಜಯಮ್ಮನ ಬೆಳೆಯೂ ಉಳಿಯಿತು. ರಾಮನಗರದ ಮಾರ್ಕೆಟ್ಟಿನಲ್ಲಿ ಅವಳ ಗೂಡನ್ನು ಜನ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ಮೆಚ್ಚಿಕೊಂಡರಂತೆ. “ಇನ್ನೊಂದ್ ಸಲ ಬನ್ನಿ ಅಮ್ಮಾ, ಬರ್ಬೇಡಿ ಅನ್ನಾಕಿಲ್ಲ. ಆದ್ರೆ ಜಗ್ಲಿ ಮ್ಯಾಲೇ ಕೂತ್ಕಳಿ” ಎಂದು ಫೋನಿನಲ್ಲಿ ಹೇಳಿದಳು.

ಥೆಲ್ಮಾಳನ್ನು ನೋಡಲು ಹೋದ ಮೊದಲ ದಿನ ಅವಳ ಕೊರಳಿಗೆ ಬ್ಯಾಂಡೇಜಿತ್ತು. ನಾನು ಬರಲಿಲ್ಲ ಎಂಬ ಕೋಪವನ್ನು ಮುಖದಲ್ಲಿ ಹುಡುಕಿದೆ, ಕಾಣಲಿಲ್ಲ. ಹತ್ತಿರ ಕೂತು ನಡೆದದ್ದನ್ನೆಲ್ಲ ಹೇಳಿದೆ, ಸೀರೆ ಬದಲಿಸಿದ್ದರಿಂದ ಹಿಡಿದು ಹುಳ ತಲೆ ಎತ್ತಿದ್ದರವರೆಗೆ. ಕೊನೆಗೆ ಆ ಮಾತನ್ನು, ಕೇಳಿಸಿದ ಹಾಗೆಯೇ ಹೇಳಿ, “ನೀನು ಹೇಳಬೇಕಿದ್ದದ್ದು ಇದೇನಾ?” ಎಂದೆ. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮಿಕ್ಕದ್ದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾಳೆ: ಫ್ಯಾನ್ ಆಫ್ ಮಾಡು, ಸೂಪಿಗೆ ಉಪ್ಪಿಲ್ಲ, ಸರೋಜ ದಪ್ಪಗಾಗಿದ್ದಾಳೆ. ಇದೊಂದನ್ನು, ನಾನು ಎಷ್ಟು ಸಲ ಕೇಳಿದರೂ, ಟೈಪ್ ಮಾಡುವುದಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದು ತಟ್ಟುತ್ತಾಳೆ, ಕೂತ್ಕೋ ಎಂದು. ಅಂಗೈಯನ್ನು ಕಿವಿಯ ಹಿಂದೆ ಹಿಡಿಯುತ್ತಾಳೆ, ಮಾತಾಡು ಎಂದು.

ಕ್ಯಾಲೆಂಡರಿನಲ್ಲಿ ಈಗ ಬಹಳ ಚೌಕಗಳನ್ನು ರಬ್ಬರಿನಿಂದ ಅಳಿಸಿದ್ದೇನೆ. ವಾರದಲ್ಲಿ ಎರಡು ಮೂರು ಸಂಜೆ ಅವಳ ಮನೆಗೆ ಹೋಗಿ ಮಾತಾಡುತ್ತೇನೆ. ಸಂತೆ, ಅಜ್ಜಿ, ಹಾಯುವ ಎತ್ತು, ಕ್ಲಬ್ಬಿನ ಜಗಳ, ಸೊಸೆಯ ಜೋಕುಗಳು. ಇಬ್ಬರ ಪಾಲಿನದೂ. ಉಸಿರಿಗಾಗಿ ನಾನು ನಿಲ್ಲಿಸಿದಾಗ ಕೋಣೆ ಸ್ತಬ್ಧವಾಗುತ್ತದೆ. ಆಗ ಕೆಲವೊಮ್ಮೆ ಥೆಲ್ಮಾ, ಒಂದಿಷ್ಟೂ ಅಲುಗದೆ, ಬಿಳಿಯ ತಲೆಯನ್ನು ಮೆಲ್ಲಗೆ ಸೀಲಿಂಗಿನ ಕಡೆ ಎತ್ತಿ ಏನನ್ನೋ ಕೇಳಿಸಿಕೊಳ್ಳುತ್ತಾಳೆ. ನನಗೇನೂ ಕೇಳಿಸುವುದಿಲ್ಲ. ನಾನು ಗಾಬರಿಯಿಂದ ಮತ್ತೆ ಮಾತು ಶುರುಮಾಡುತ್ತೇನೆ.